ಮಡಿಯಿಂದ ಮಾನದಂಡಕ್ಕೆ: ಸಣ್ಣ ಆಹಾರ ಉದ್ಯಮಗಳು ಉಳಿಯುವ ದಾರಿ

ಸಣ್ಣ ಮತ್ತು ಮಧ್ಯಮ ಆಹಾರ ಸಂಸ್ಕರಣಾ ಉದ್ಯಮಗಳನ್ನು ‘ಸ್ಪರ್ಧಾತ್ಮಕ’ವಾಗಿಸಬೇಕು ಎಂಬ ಮಾತು ಸರ್ಕಾರಿ ಸುತ್ತೋಲೆಗಳಿಂದ ಹಿಡಿದು ಬ್ಯಾಂಕಿನ ಕರಪತ್ರಗಳವರೆಗೆ ಎಲ್ಲೆಡೆ ಕೇಳಿಬರುತ್ತಿದೆ. ಮಾತು ತಪ್ಪಲ್ಲ. ಆದರೆ ಯಾರು ಯಾರೊಡನೆ, ಯಾವ ಕಣದಲ್ಲಿ, ಯಾರು ಬರೆದ ನಿಯಮಗಳ ಅಡಿಯಲ್ಲಿ ಸ್ಪರ್ಧಿಸಬೇಕು ಎಂದು ಕೇಳದೆ ಈ ಪದವನ್ನು ಬಳಸಿದರೆ ಅದು ದುರ್ಬಲರ ಹೆಗಲಿಗೆ ಏರಿಸಿದ ಇನ್ನೊಂದು ಹೊರೆಯಾಗುತ್ತದೆ, ಅಷ್ಟೆ. ಭಾರತದಲ್ಲಿ ಅಸಂಘಟಿತ ವಲಯದ ಆಹಾರ ಸಂಸ್ಕರಣಾ ಘಟಕಗಳು ಸುಮಾರು 25 ಲಕ್ಷ. ಈ ಕ್ಷೇತ್ರದ ಒಟ್ಟು ಉದ್ಯೋಗದಲ್ಲಿ ಶೇ. 74ರಷ್ಟು ಇರುವುದು ಇವುಗಳಲ್ಲೇ. ಇವುಗಳಲ್ಲಿ ಮೂರನೆಯ ಎರಡು ಪಾಲು ಹಳ್ಳಿಗಳಲ್ಲಿವೆ, ಶೇ. 80ರಷ್ಟು ಮನೆಮಂದಿಯೇ ನಡೆಸುವಂಥವು. ರೊಟ್ಟಿ ತಟ್ಟುವವರು, ಹಪ್ಪಳ ಒತ್ತುವವರು, ಬೆಲ್ಲ ಕಾಯಿಸುವವರು, ಗಾಣ ಆಡಿಸುವವರು, ಉಪ್ಪಿನಕಾಯಿ ಹಾಕುವವರು ಈ ಲೆಕ್ಕದೊಳಗಿನ ಜನ.

ಇವರು ದೊಡ್ಡ ಕಂಪನಿಗಳೊಡನೆ ಬೆಲೆಯಲ್ಲಿ ಸ್ಪರ್ಧಿಸಲು ಹೊರಟರೆ ಕಡಿತಗೊಳಿಸಲು ಇವರ ಕೈಯಲ್ಲಿರುವುದು ಒಂದೇ: ತಮ್ಮದೇ ಕೂಲಿ. ಹೆಂಡತಿಯ, ಅತ್ತೆಯ, ಮಗಳ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯದೆ ಇಟ್ಟಾಗ ಮಾತ್ರ ಹಪ್ಪಳದ ಕಟ್ಟು ಅಗ್ಗವಾಗುತ್ತದೆ. ಅಂಥ ಅಗ್ಗವನ್ನು ಸ್ಪರ್ಧಾತ್ಮಕತೆ ಎಂದು ಕರೆಯುವುದು ಶೋಷಣೆಗೆ ಒಳ್ಳೆಯ ಹೆಸರಿಟ್ಟಂತೆ. ಸಣ್ಣ ಘಟಕವೊಂದು ಘನತೆಯಿಂದ ಸ್ಪರ್ಧಿಸಬೇಕಾದರೆ ಗುಣಮಟ್ಟದಲ್ಲಿ, ನಂಬಿಕೆಯಲ್ಲಿ, ತನ್ನ ನೆಲದ ವೈಶಿಷ್ಟ್ಯದಲ್ಲಿ ಸ್ಪರ್ಧಿಸಬೇಕು. ಈ ಮೂರನ್ನೂ ಒಂದು ಮನೆ ಒಂಟಿಯಾಗಿ ಕಟ್ಟಿಕೊಳ್ಳಲಾರದು. ಪ್ರಯೋಗಾಲಯ, ತಳಿ, ಮಾನದಂಡ, ಮಾರುಕಟ್ಟೆ ಇವು ಊರ ಕೆರೆಯ ಹಾಗೆ ಎಲ್ಲರಿಗೂ ಸೇರಿದ ಸ್ವತ್ತುಗಳಾಗಬೇಕು ಎಂಬುದು ಈ ಲೇಖನದ ವಾದ. ನಾನು ವಾಸಿಸುವ ತ್ಸುಕುಬಾ ಮತ್ತು ಅದರ ಸುತ್ತಲಿನ ಇಬಾರಾಕಿ ಪ್ರಾಂತ್ಯದಲ್ಲಿ ಈ ವಾದಕ್ಕೆ ಪುಷ್ಟಿಯೂ ಇದೆ, ಎಚ್ಚರಿಕೆಯೂ ಇದೆ.

ಒಣಗೆಣಸಿನ ಪಾಠ

ತ್ಸುಕುಬಾ ಜಪಾನಿನ ವಿಜ್ಞಾನ ನಗರ. 1963ರ ಸಂಪುಟ ನಿರ್ಣಯದಿಂದ ಹುಟ್ಟಿ, ತೋಕಿಯೊದಲ್ಲಿದ್ದ ರಾಷ್ಟ್ರೀಯ ಸಂಶೋಧನಾಲಯಗಳನ್ನು ಒಂದೊಂದಾಗಿ ಬರಮಾಡಿಕೊಂಡು ಬೆಳೆದ ಊರು. ಬಾಹ್ಯಾಕಾಶ ಕೇಂದ್ರ, ಕಣ ವೇಗವರ್ಧಕಗಳಿಂದಾಗಿ ಹೊರಗಿನವರಿಗೆ ಇದರ ಹೆಸರು ಗೊತ್ತು. ಆದರೆ ರಾಷ್ಟ್ರೀಯ ಕೃಷಿ ಮತ್ತು ಆಹಾರ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇಲ್ಲಿಯೇ ಇದೆ. ಅದರ ಕೆಲಸದ ಫಲವನ್ನು ಕಾಣಬೇಕಾದರೆ ಈಶಾನ್ಯಕ್ಕೆ, ಸಮುದ್ರದಂಚಿನ ಹಿತಾಚಿನಾಕಾ ಮತ್ತು ತೋಕಾಯ್ ಊರುಗಳಿಗೆ ಹೋಗಬೇಕು. ಜಪಾನಿನ ಒಣಗೆಣಸಿನಲ್ಲಿ ಸುಮಾರು ಶೇ. 90ರಷ್ಟು ಇಬಾರಾಕಿ ಪ್ರಾಂತ್ಯದ್ದೇ. ಅದರ ಹೃದಯಭಾಗ ಈ ಊರುಗಳು.

‘ಹೊಶಿ ಇಮೊ’ ಎಂದು ಕರೆಯುವ ಈ ತಿನಿಸಿನಲ್ಲಿ ಗೆಣಸಿನ ಹೊರತು ಬೇರೇನೂ ಇಲ್ಲ. ಕಿತ್ತ ಗೆಣಸನ್ನು ಕೆಲವು ವಾರ ಹಾಗೆಯೇ ಇಟ್ಟು, ಹಬೆಯಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಉದ್ದುದ್ದ ಹೋಳು ಮಾಡಿ, ಚಳಿಗಾಲದ ಒಣಗಾಳಿಯಲ್ಲಿ ಹರವುತ್ತಾರೆ. ಮೇಜಿ ಯುಗದ ಕೊನೆಯಲ್ಲಿ ಶಿಜುಒಕಾ ಕಡೆಯಿಂದ ಬಂದ ಈ ಕಸುಬನ್ನು ಇಂದಿಗೂ ಬಹುಪಾಲು ನಡೆಸುತ್ತಿರುವುದು ಗೆಣಸು ಬೆಳೆಯುವ ಕುಟುಂಬಗಳೇ. ಬೆಳೆಯುವವರೂ ಅವರೇ, ಬೇಯಿಸುವವರೂ ಅವರೇ, ಹಲವೆಡೆ ಮಾರುವವರೂ ಅವರೇ.

ಈ ಕಸುಬನ್ನು ಬಹುಕಾಲ ಕಾಡಿದ ದೋಷವೊಂದಿತ್ತು. ಒಣಗಿದ ಹೋಳಿನ ನಡುವೆ ಬಿಳಿಯ, ಗಟ್ಟಿಯಾದ, ರುಚಿಯಿಲ್ಲದ ಮಚ್ಚೆ ಉಳಿದುಬಿಡುವುದು. ಇದನ್ನು ಇಲ್ಲಿಯವರು ‘ಶಿರೊತಾ’ ಎನ್ನುತ್ತಾರೆ. ಪಿಷ್ಟ ಸರಿಯಾಗಿ ಸಕ್ಕರೆಯಾಗಿ ಮಾರ್ಪಡದೆ ಉಳಿದ ಗುರುತು ಅದು. ರೈತ ಎಷ್ಟೇ ಶ್ರದ್ಧೆಯಿಂದ ಬೇಯಿಸಿದರೂ ತಳಿಯ ಗುಣ, ಮಣ್ಣು, ಮಳೆಗಳು ಕೂಡಿಬರದಿದ್ದರೆ ಮಚ್ಚೆ ಬೀಳುತ್ತದೆ. 1960ರಲ್ಲಿ ಬಂದ ‘ತಮಾಯುತಾಕಾ’ ತಳಿ ದಶಕಗಳ ಕಾಲ ಈ ಕಸುಬಿನ ಬೆನ್ನೆಲುಬಾಗಿತ್ತು. ಮಚ್ಚೆಯ ಕಾಟವೂ ಅದರೊಂದಿಗೇ ಇತ್ತು. 2010ರಲ್ಲಿ ನೋಂದಣಿಯಾದ ‘ಬೆನಿಹಾರುಕಾ’ ತಳಿ ಚಿತ್ರವನ್ನೇ ಬದಲಿಸಿತು. ಹೆಚ್ಚು ಸಿಹಿ, ಮೃದುವಾದ ಹೋಳು, ಕಡಿಮೆ ಮಚ್ಚೆ. ಅದನ್ನು ರೂಪಿಸಿದ್ದು ಖಾಸಗಿ ಬೀಜ ಕಂಪನಿಯಲ್ಲ, ಇದೇ ಸಾರ್ವಜನಿಕ ಸಂಸ್ಥೆಯ ಕ್ಯೂಶೂ ಶಾಖೆ. ಒಣಗಿಸುವುದಕ್ಕೆಂದೇ ‘ಹೊಶಿಕೊಗಾನೆ’ಯಂತಹ ತಳಿಗಳನ್ನು ತ್ಸುಕುಬಾದ ವಿಜ್ಞಾನಿಗಳು ಬೆಳೆಸಿದರು. ಯಾವ ರೈತ ಕುಟುಂಬವೂ ತನ್ನ ಖರ್ಚಿನಲ್ಲಿ ಮಾಡಿಸಲಾಗದ, ಹತ್ತು ಹನ್ನೆರಡು ವರ್ಷ ಹಿಡಿಯುವ ಕೆಲಸ ಇದು.

ತಳಿಯೊಂದೇ ಸಾಲದು. ತ್ಸುಕುಬಾದಂತಹ ರಾಷ್ಟ್ರೀಯ ಪ್ರಯೋಗಾಲಯಕ್ಕೂ ಹಳ್ಳಿಯ ಹಬೆಮನೆಗೂ ನಡುವೆ ಇನ್ನೊಂದು ಪದರ ಬೇಕು. ಜಪಾನಿನ ಪ್ರತಿ ಪ್ರಾಂತ್ಯದಲ್ಲೂ ಅಲ್ಲಿನ ಆಡಳಿತವೇ ನಡೆಸುವ ತಾಂತ್ರಿಕ ಪ್ರಯೋಗ ಕೇಂದ್ರಗಳಿವೆ. ಸಣ್ಣ ಉದ್ಯಮಿಯು ತನ್ನ ಸರಕಿನ ಮಾದರಿಯನ್ನು ತಂದು ಗೋಡೆಯ ಮೇಲೆ ಬರೆದಿಟ್ಟ ದರಕ್ಕೆ ಪರೀಕ್ಷೆ ಮಾಡಿಸಬಹುದು. ತಾನು ಎಂದೂ ಕೊಳ್ಳಲಾಗದ ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಳಸಬಹುದು. ‘ನನ್ನ ಸರಕಿಗೆ ಬೂಷ್ಟು ಏಕೆ ಬರುತ್ತಿದೆ’ ಎಂದು ತಜ್ಞರನ್ನು ಕೇಳಬಹುದು. ಅಲ್ಲಿನ ತಜ್ಞರ ಕೆಲಸವೇ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವುದು.

ಮೂರನೆಯದು ನಂಬಿಕೆ. ಹಿತಾಚಿನಾಕಾ, ತೋಕಾಯ್ ಮತ್ತು ನಾಕಾ ಊರುಗಳ ಒಣಗೆಣಸು ಉತ್ಪಾದಕರು ಸೇರಿ ‘ಮೂರು ನಕ್ಷತ್ರ’ಗಳ ಮನ್ನಣೆಯೊಂದನ್ನು ರೂಪಿಸಿಕೊಂಡಿದ್ದಾರೆ. ಬೇಸಾಯದ ದಾಖಲೆ ಇಟ್ಟಿದ್ದೀರಾ, ಸಂಸ್ಕರಣೆ ಶುಚಿಯಾಗಿದೆಯೇ, ಲೇಬಲ್ಲಿನಲ್ಲಿ ಬರೆದದ್ದು ಸತ್ಯವೇ ಎಂಬ ಮೂರು ಪ್ರಶ್ನೆಗಳಿಗೆ ಮೂರು ನಕ್ಷತ್ರ. ಕುಟುಂಬಗಳು ಪರಸ್ಪರ ಪೈಪೋಟಿ ನಡೆಸುತ್ತಲೇ ಒಂದು ಹೆಸರನ್ನು ಜೊತೆಯಾಗಿ ಕಾಯುತ್ತವೆ. ಒಬ್ಬರ ಕಳಪೆ ಸರಕು ಎಲ್ಲರ ಹೆಸರನ್ನೂ ಕೆಡಿಸುತ್ತದೆಂಬ ಅರಿವು ಈ ವ್ಯವಸ್ಥೆಯ ತಳಹದಿ.

ಜ್ಞಾನ ಯಾರ ಸ್ವತ್ತು?

ಇಬಾರಾಕಿಯ ರಾಜಧಾನಿ ಮಿತೊ ನಗರ ‘ನತ್ತೋ’ಗೆ ಹೆಸರುವಾಸಿ. ಹುದುಗಿಸಿದ ಸೋಯಾ ಕಾಳಿನ, ಎಳೆ ಬರುವ, ಘಾಟು ವಾಸನೆಯ ಈ ತಿನಿಸನ್ನು ಹಿಂದೆ ಬೇಯಿಸಿದ ಕಾಳನ್ನು ಭತ್ತದ ಹುಲ್ಲಿನಲ್ಲಿ ಸುತ್ತಿ ಮಾಡುತ್ತಿದ್ದರು. ಹುಲ್ಲಿನಲ್ಲಿದ್ದ ಸೂಕ್ಷ್ಮಜೀವಿಯೇ ಹೆಪ್ಪು. ಹುಲ್ಲು ಚೆನ್ನಾಗಿದ್ದರೆ ನತ್ತೋ, ಇಲ್ಲದಿದ್ದರೆ ಕೊಳೆತ ಕಾಳು. 1910ರ ದಶಕದ ಕೊನೆಯಲ್ಲಿ ಹೊಕ್ಕೈದೊ ವಿಶ್ವವಿದ್ಯಾಲಯದ ವಿಜ್ಞಾನಿ ಹಾಂಜಾವಾ ಜುನ್ ಆ ಸೂಕ್ಷ್ಮಜೀವಿಯನ್ನು ಶುದ್ಧವಾಗಿ ಬೆಳೆಸಿ, ಹುಲ್ಲಿಲ್ಲದೆ, ಶುಚಿಯಾದ ಪೆಟ್ಟಿಗೆಯಲ್ಲಿ ನತ್ತೋ ತಯಾರಿಸುವ ವಿಧಾನವನ್ನು ರೂಪಿಸಿದರು. ಅದನ್ನು ಬಚ್ಚಿಟ್ಟುಕೊಳ್ಳದೆ ತಯಾರಕರಿಗೆ ಕಲಿಸಿಕೊಟ್ಟರು. ಊರೂರಿನ ಸಣ್ಣ ತಯಾರಕರಿಗೂ ಅಂದಿನಿಂದ ದೊಡ್ಡವರಷ್ಟೇ ಭರವಸೆಯ ಹೆಪ್ಪು ಸಿಗುವಂತಾಯಿತು.

‘ಜಪಾನ್ ಶ್ರೀಮಂತ ದೇಶ, ಅವರಿಗೆ ಸಾಧ್ಯ’ ಎನ್ನುವವರಿಗೆ ಈ ಕಾಲವನ್ನು ನೆನಪಿಸಬೇಕು. 1918ರಲ್ಲಿ ಅಕ್ಕಿಯ ಬೆಲೆ ಏರಿ ಜಪಾನಿನಾದ್ಯಂತ ಜನ ಬೀದಿಗಿಳಿದು ದಂಗೆ ಎದ್ದಿದ್ದರು. ಹಸಿವು ಹತ್ತಿರವೇ ಇದ್ದ ದೇಶದಲ್ಲಿ, ಅಗ್ಗದ ಪ್ರೋಟೀನನ್ನು ಬಡವರಿಗೆ ಸುರಕ್ಷಿತವಾಗಿ ಮುಟ್ಟಿಸುವ ಪ್ರಶ್ನೆಯಾಗಿ ಈ ಸಂಶೋಧನೆ ಮುಂದುವರಿಯಿತು. ಸಾರ್ವಜನಿಕ ಜ್ಞಾನ ಸಿರಿವಂತಿಕೆ ಬಂದ ಮೇಲೆ ಮಾಡುವ ದಾನಧರ್ಮವಲ್ಲ. ಸಿರಿವಂತಿಕೆ ಬಂದದ್ದು ಅದರ ಬೆನ್ನ ಮೇಲೆ.

ಹಾಗೆಂದು ಜಪಾನನ್ನು ಆದರ್ಶವೆಂದು ಪೂಜಿಸುವ ಅಗತ್ಯವಿಲ್ಲ. 1960ರ ಸುಮಾರಿಗೆ ಈ ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತೋಫು ತಯಾರಕರಿದ್ದರು. ಇಂದು ಉಳಿದವರು ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ಸೂಪರ್ ಮಾರುಕಟ್ಟೆಗಳು ಗಿರಾಕಿಗಳನ್ನು ಸೆಳೆಯಲು ತೋಫುವನ್ನು ನೀರಿನ ಬೆಲೆಗೆ ಮಾರಿದವು. ಬೆಳಗಿನ ಜಾವ ಎದ್ದು ಕಾಳು ರುಬ್ಬುವ ಕೇರಿಯ ಅಂಗಡಿಯವನು ಆ ಬೆಲೆಗೆ ಇಳಿಯಲಾರದೆ ಕದ ಮುಚ್ಚಿದ. ಮಕ್ಕಳು ಆ ಕಸುಬಿಗೆ ಬರಲಿಲ್ಲ. ಬೆಲೆಯ ಪೈಪೋಟಿಗೆ ಲಗಾಮು ಹಾಕದಿದ್ದರೆ ಎಷ್ಟು ಪ್ರಯೋಗಾಲಯಗಳಿದ್ದರೂ ಸಣ್ಣವರು ಉಳಿಯುವುದಿಲ್ಲ. ತ್ಸುಕುಬಾದಲ್ಲೇ 1990ರಲ್ಲಿ ಆರಂಭವಾದ ‘ಮಿಜುಹೊ ಹಳ್ಳಿ ಮಾರುಕಟ್ಟೆ’ ಎಂಬ ರೈತರ ಸಂತೆ ಇದಕ್ಕೆ ಸರಳವಾದ ಉಪಾಯ ಕಂಡುಕೊಂಡಿದೆ. ಅಲ್ಲಿ ಬೆಲೆ ಇಡುವವನು ರೈತನೇ. ಆದರೆ ಹೊಸದಾಗಿ ಬಂದವನು ಈಗಾಗಲೇ ಅದೇ ಸರಕು ಮಾರುತ್ತಿರುವವನಿಗಿಂತ ಕಡಿಮೆ ಬೆಲೆ ಇಡುವಂತಿಲ್ಲ. ಗೆಲ್ಲಬೇಕೆಂದರೆ ಅವನಿಗಿಂತ ಒಳ್ಳೆಯದನ್ನು ಬೆಳೆದು ತರಬೇಕು. ಮಾರುಕಟ್ಟೆ ಎಂದರೆ ಪ್ರಕೃತಿ ನಿಯಮವಲ್ಲ, ಮನುಷ್ಯರು ಕೂಡಿ ಮಾಡಿಕೊಂಡ ಕಟ್ಟಳೆ ಎಂಬುದನ್ನು ಈ ಒಂದು ನಿಯಮ ತಿಳಿಸಿಕೊಡುತ್ತದೆ.

ಅಜ್ಜಿಯರ ಉಪ್ಪಿನಕಾಯಿ

ಎಚ್ಚರಿಕೆಯ ಪಾಠ ಉಪ್ಪಿನಕಾಯಿಯದು. 2012ರಲ್ಲಿ ಹೊಕ್ಕೈದೊ ಪ್ರದೇಶದ ಸಪ್ಪೊರೊದಲ್ಲಿ ಒಂದು ಕಂಪನಿ ತಯಾರಿಸಿದ ಎಲೆಕೋಸಿನ ಉಪ್ಪಿನಕಾಯಿಯಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಸೇರಿ 8 ಮಂದಿ ಪ್ರಾಣ ಕಳೆದುಕೊಂಡರು. 2018ರಲ್ಲಿ ಆಹಾರ ನೈರ್ಮಲ್ಯ ಕಾಯಿದೆ ತಿದ್ದುಪಡಿಯಾಯಿತು. 2021ರ ಜೂನ್‌ನಿಂದ ಎಲ್ಲ ಆಹಾರ ಉದ್ಯಮಗಳೂ ಅಪಾಯದ ಹಂತಗಳನ್ನು ಗುರುತಿಸಿ, ನಿಯಂತ್ರಿಸಿ, ದಾಖಲಿಸುವ ‘ಹ್ಯಾಸಪ್’ ಪದ್ಧತಿಗೆ ಒಳಪಟ್ಟವು. ಉಪ್ಪಿನಕಾಯಿ ಮಾರುವುದಕ್ಕೆ ಪರವಾನಗಿ ಕಡ್ಡಾಯವಾಯಿತು.

ಇದರ ಒಂದು ಮುಖ ಮೆಚ್ಚುವಂಥದ್ದು. 50ಕ್ಕಿಂತ ಕಡಿಮೆ ಮಂದಿ ಕೆಲಸ ಮಾಡುವ ಘಟಕಗಳಿಗೆ ದೊಡ್ಡ ಕಾರ್ಖಾನೆಯ ಕ್ರಮವನ್ನು ಯಥಾವತ್ತಾಗಿ ಹೇರಲಿಲ್ಲ. ತೋಫುವಿಗೆ ಬೇರೆ, ಉಪ್ಪಿನಕಾಯಿಗೆ ಬೇರೆ, ಸಿಹಿತಿಂಡಿಗೆ ಬೇರೆ ಎಂಬಂತೆ ಆಯಾ ಕಸುಬಿನ ಸಂಘಗಳೇ ಕೈಪಿಡಿ ಬರೆದವು. ಆರೋಗ್ಯ ಸಚಿವಾಲಯ ಅವನ್ನು ಪರಿಶೀಲಿಸಿ ಒಪ್ಪಿತು. ದಿನಕ್ಕೊಂದು ಹಾಳೆ, ತುಂಬಬೇಕಾದ ನಾಲ್ಕಾರು ಮನೆ, ಆ ಕಸುಬಿನವರಿಗೆ ಅರ್ಥವಾಗುವ ಮಾತು. ವಿಜ್ಞಾನವನ್ನು ಕಸುಬಿನ ಭಾಷೆಗೆ ಇಳಿಸಿದರೆ ಎಪ್ಪತ್ತು ವರ್ಷದ ಅಂಗಡಿಯವನೂ ಅದನ್ನು ಪಾಲಿಸಬಲ್ಲ.

ಇನ್ನೊಂದು ಮುಖ ಕಠೋರವಾದದ್ದು. ಪರವಾನಗಿಗೆ ಮನೆಯ ಅಡುಗೆಕೋಣೆಯಿಂದ ಪ್ರತ್ಯೇಕವಾದ ಕೆಲಸದ ಕೋಣೆ, ತೊಳೆಯಬಹುದಾದ ನೆಲ, ಕೈ ತಾಗದೆ ತೆರೆಯುವ ನಲ್ಲಿ ಬೇಕು. ರಸ್ತೆಬದಿಯ ‘ಮಿಚಿ ನೊ ಎಕಿ’ ನಿಲ್ದಾಣಗಳ ಮಳಿಗೆಗಳಲ್ಲಿ ತಮ್ಮ ಕೈಯ ಉಪ್ಪಿನಕಾಯಿ ಮಾರಿ ಸಣ್ಣ ಆದಾಯ ಕಾಣುತ್ತಿದ್ದವರಲ್ಲಿ ಹೆಚ್ಚಿನವರು ವಯಸ್ಸಾದ ರೈತ ಮಹಿಳೆಯರು. ಮೂರು ವರ್ಷದ ಗಡುವು 2024ರ ಮೇ ಕೊನೆಗೆ ಮುಗಿದಾಗ ಅನೇಕರು ಭರಣಿ ತೊಳೆದಿಟ್ಟು ಕಸುಬು ಬಿಟ್ಟರು. ಎಂಬತ್ತರ ಹತ್ತಿರದ ಅಜ್ಜಿ ಲಕ್ಷಾಂತರ ಯೆನ್ ಸಾಲ ಮಾಡಿ ಕೋಣೆ ಕಟ್ಟಿಸುವುದು ಯಾವ ಭರವಸೆಯ ಮೇಲೆ? ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ‘ಇಬುರಿಗಕ್ಕೊ’ ಅಕಿತಾ ಪ್ರಾಂತ್ಯದ ಹೆಮ್ಮೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತ್ತು. ಅಲ್ಲಿನ ಆಡಳಿತ ಕೋಣೆ ಕಟ್ಟಲು ಸಹಾಯಧನ ಕೊಟ್ಟು ಒಂದಷ್ಟು ಮಂದಿಯನ್ನು ಉಳಿಸಿಕೊಂಡಿತು. ಎಲ್ಲರನ್ನೂ ಉಳಿಸಲಾಗಲಿಲ್ಲ. ಪ್ರಮಾದ ನಡೆದದ್ದು ಒಂದು ಕಂಪನಿಯಲ್ಲಿ; ಅದರ ಭಾರ ಹೆಚ್ಚು ತಟ್ಟಿದ್ದು ಹಳ್ಳಿಯ ಮುದುಕಿಯರಿಗೆ. ಸುರಕ್ಷತೆಯ ನಿಯಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಯಮದ ಜೊತೆಗೆ ಎಲ್ಲರೂ ಬಳಸಬಹುದಾದ ಒಂದು ಸಾರ್ವಜನಿಕ ಕೆಲಸದ ಕೋಣೆಯನ್ನೂ ಕೊಡದಿದ್ದರೆ ಆ ನಿಯಮ ಸಣ್ಣವರನ್ನು ಕಣದಿಂದ ಹೊರದಬ್ಬುವ ಸಾಧನವಾಗುತ್ತದೆ.

ಬರಿಯ ಬಂಡವಾಳವೂ ದಾರಿಯಲ್ಲ. ರೈತರು ತಾವೇ ಸಂಸ್ಕರಿಸಿ ತಾವೇ ಮಾರುವ ‘ಆರನೆಯ ಉದ್ಯಮ’ದ ಕಲ್ಪನೆಯನ್ನು ಜಪಾನ್ 2010ರಲ್ಲಿ ಕಾಯಿದೆಯಾಗಿಸಿತು. ಇಂಥ ಉದ್ಯಮಗಳಲ್ಲಿ ಹೂಡಲು 2013ರಲ್ಲಿ ಸರ್ಕಾರದ ದೊಡ್ಡ ಪಾಲಿನೊಂದಿಗೆ ನಿಧಿಯೊಂದು ಆರಂಭವಾಯಿತು. ಭಾರೀ ನಷ್ಟ ಅನುಭವಿಸಿ, ಹತ್ತು ವರ್ಷ ತುಂಬುವ ಮೊದಲೇ ಅದು ಹೊಸ ಹೂಡಿಕೆಯನ್ನು ನಿಲ್ಲಿಸಬೇಕಾಯಿತು. ಹಣ ಇತ್ತು, ಹಣಕ್ಕೆ ತಕ್ಕ, ಬೇರು ಬಿಟ್ಟ ಸಂಘಟನೆ ಇರಲಿಲ್ಲ.

ಕರ್ನಾಟಕದ ಕಡೆಗೆ

1898ರಲ್ಲೇ ವಿಶ್ವೇಶ್ವರಯ್ಯನವರು ಜಪಾನಿಗೆ ಬಂದು ಹೋಗಿದ್ದರು. ಜಪಾನಿನ ಕೈಗಾರಿಕೆ ಮೈಸೂರಿಗೆ ಮಾದರಿ ಎಂಬ ಮಾತು ನಮ್ಮಲ್ಲಿ ಹಳೆಯದು. 1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ತ್ಸುಕುಬಾ ಎಂಬ ವಿಜ್ಞಾನ ನಗರಿ ಕಾಗದದ ಮೇಲೂ ಹುಟ್ಟುವ ಮೊದಲಿನ ಮಾತು. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸಲಾಗದು ಎಂದು ವಿದೇಶಿ ತಜ್ಞರು ಹೇಳುತ್ತಿದ್ದಾಗ ಅದು ಸಾಧ್ಯವೆಂದು ತೋರಿಸಿದ್ದು ಇದೇ ಸಂಸ್ಥೆ. ಗುಜರಾತಿನ ಹಾಲು ಸಹಕಾರಿಗಳು ಅದರ ಮೇಲೆ ಬೆಳೆದವು. ಆದ್ದರಿಂದ ನಮ್ಮಲ್ಲಿ ವಿಜ್ಞಾನದ ಕೊರತೆ ಇಲ್ಲ. ಕೊರತೆ ಇರುವುದು ಮೈಸೂರಿನ ಪ್ರಯೋಗಾಲಯಕ್ಕೂ ಆಳಂದದ ರೊಟ್ಟಿ ಕೇಂದ್ರಕ್ಕೂ ನಡುವಿನ ಪದರದಲ್ಲಿ.

2020ರಲ್ಲಿ ಕೇಂದ್ರ ಸರ್ಕಾರ 10,000 ಕೋಟಿ ರೂಪಾಯಿಯ ಅಂದಾಜಿನಲ್ಲಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯನ್ನು ತಂದಿತು. ಸಾಲಕ್ಕೆ ಜೋಡಿಸಿದ ಶೇ. 35ರ ಸಹಾಯಧನ, ಅದರ ಮೇಲೆ ಕರ್ನಾಟಕ ಸರ್ಕಾರ ಸೇರಿಸಿದ ಶೇ. 15, ಸ್ವಸಹಾಯ ಗುಂಪಿನ ಪ್ರತಿ ಸದಸ್ಯೆಗೆ 40,000 ರೂಪಾಯಿಯ ಆರಂಭಿಕ ಬಂಡವಾಳ, ‘ಒಂದು ಜಿಲ್ಲೆ ಒಂದು ಉತ್ಪನ್ನ’. ಮಂಡ್ಯಕ್ಕೆ ಬೆಲ್ಲ, ತುಮಕೂರಿಗೆ ತೆಂಗು, ಚಾಮರಾಜನಗರಕ್ಕೆ ಅರಿಸಿನ, ಶಿವಮೊಗ್ಗಕ್ಕೆ ಅನಾನಸು. ಈ ಯೋಜನೆಯಿಂದ ಸಾವಿರಾರು ಮಂದಿಗೆ ಉಪಯೋಗವಾಗಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಇದರ ತಿರುಳು ಯಂತ್ರ ಮತ್ತು ಸಾಲ. ಬ್ಯಾಂಕು ಸಾಲ ಕೊಟ್ಟವರಿಗೆ ಮಾತ್ರ ಸಹಾಯಧನ. ಬ್ಯಾಂಕು ಸಾಲ ಕೊಡುವುದು ಆಸ್ತಿಯ ದಾಖಲೆ ಉಳ್ಳವರಿಗೆ. ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲದ ಹೆಣ್ಣುಮಗಳು ಈ ಬಾಗಿಲ ಹೊರಗೇ ಉಳಿಯುವ ಸಂಭವ ಹೆಚ್ಚು.

ಮಂಡ್ಯದ ಬೆಲ್ಲವನ್ನೇ ತೆಗೆದುಕೊಳ್ಳೋಣ. ಒಳ್ಳೆಯ ಬೆಲ್ಲದ ಬಣ್ಣ ಕಂದು. ಆದರೆ ಮಾರುಕಟ್ಟೆ ಹಳದಿ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಹಳದಿ ಬರಿಸಲು ಕೊಪ್ಪರಿಗೆಗೆ ‘ಹೈಡ್ರೋಸ್’ ಎಂಬ ರಾಸಾಯನಿಕ ಬೀಳುತ್ತದೆ. ಹಲವೆಡೆ ಸಕ್ಕರೆಯೂ ಬೆರೆಯುತ್ತದೆ. ಬೆಂಡೆಯ ಲೋಳೆಯಿಂದ ಕೊಳೆ ತೆಗೆದು, ಹದವಾಗಿ ಕಾಯಿಸಿ ಅಚ್ಚು ಹುಯ್ಯುವ ಆಲೆಮನೆಯವನು ಅದೇ ಸಂತೆಯಲ್ಲಿ ಸೋಲುತ್ತಾನೆ. ಕೊಳ್ಳುವವನಿಗೆ ಕಣ್ಣಿಗೆ ಕಾಣುವುದು ಬಣ್ಣ ಮಾತ್ರ, ಒಳಗಿನದು ಕಾಣುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬಿನ ಮೇಲೆ ದಶಕಗಳ ಸಂಶೋಧನೆ ನಡೆದಿದೆ. ಈ ಆಲೆಮನೆಯವನಿಗೆ ಹೊಸ ಯಂತ್ರಕ್ಕಿಂತ ಹೆಚ್ಚು ಬೇಕಿರುವುದು ತನ್ನ ಬೆಲ್ಲ ಶುದ್ಧವೆಂದು ಹೇಳುವ, ಜನ ನಂಬುವ ಒಂದು ಗುರುತು. ಹಿತಾಚಿನಾಕಾದ ಕುಟುಂಬಗಳಿಗೆ ಆ ಮೂರು ನಕ್ಷತ್ರ ಮಾಡಿಕೊಟ್ಟ ಕೆಲಸ ಅದೇ.

ರಫ್ತಿನ ಮಾತೂ ಹೀಗೆಯೇ. ಜಪಾನ್ ಯಾವುದೇ ಆಹಾರದ ಒಂದು ಕಿಲೋಗ್ರಾಮಿನಲ್ಲಿ ಒಟ್ಟು 10 ಮೈಕ್ರೋಗ್ರಾಮಿಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷವನ್ನು ಒಪ್ಪುವುದಿಲ್ಲ. ಶೇಂಗಾ ಹಿಂಡಿ, ಮೆಣಸಿನ ಪುಡಿಗಳು ಈ ಮಿತಿಯನ್ನು ದಾಟದಿರಬೇಕಾದರೆ ಕಾಯಿಯನ್ನು ಕಣದಲ್ಲಿ ಬೇಗ, ಸರಿಯಾದ ತೇವಾಂಶಕ್ಕೆ ಒಣಗಿಸಬೇಕು. ಪರಿಹಾರ ಇರುವುದು ಒಕ್ಕಣೆಯ ಕಣದಲ್ಲಿ, ಒಂದು ತೇವಾಂಶ ಮಾಪಕದಲ್ಲಿ, ತಾಲ್ಲೂಕಿನಲ್ಲೇ ಸಿಗುವ ಅಗ್ಗದ ಪರೀಕ್ಷೆಯಲ್ಲಿ. ಇವು ಇಲ್ಲದ್ದರಿಂದ ಇಲ್ಲಿನ ಭಾರತೀಯ ಅಂಗಡಿಗಳ ಕಪಾಟಿನಲ್ಲಿ ಕರ್ನಾಟಕದ ರುಚಿ ಎಂದರೆ ಬೆರಳೆಣಿಕೆಯ ದೊಡ್ಡ ಬ್ರಾಂಡುಗಳೇ. ಅವುಗಳಲ್ಲಿ ಪ್ರಮುಖವಾದ ಎಂಟಿಆರ್ 2007ರಿಂದ ನಾರ್ವೆಯ ಓರ್ಕ್ಲಾ ಕಂಪನಿಯ ಒಡೆತನದಲ್ಲಿದೆ.

ಮಡಿಯ ಮಾರುಕಟ್ಟೆ

ಜಪಾನಿನ ಅನುಭವದಲ್ಲಿ ಉತ್ತರ ಸಿಗದ ಒಂದು ಪ್ರಶ್ನೆ ನಮ್ಮದೇ. ನಮ್ಮಲ್ಲಿ ಆಹಾರ ಕೊಳ್ಳುವವನು ಎಂದಿನಿಂದಲೂ ಒಂದು ಪ್ರಮಾಣಪತ್ರವನ್ನು ನೋಡಿಯೇ ಕೊಂಡಿದ್ದಾನೆ: ಮಾಡಿದ ಕೈಯ ಜಾತಿ. ಹೋಟೆಲ್ಲಿನ, ಬೇಕರಿಯ, ಪುಡಿಯ ಪೊಟ್ಟಣದ ಹೆಸರಿನಲ್ಲಿ ಮೇಲ್ಜಾತಿಯ ಗುರುತು ಇದ್ದರೆ ಅದು ‘ಶುಚಿ’ಯ ಖಾತರಿ ಎಂಬ ನಂಬಿಕೆ ವ್ಯಾಪಾರದ ಬಂಡವಾಳವಾಗಿ ಬಂದಿದೆ. ಆ ಬಂಡವಾಳ ಹುಟ್ಟಿನಿಂದ ಬಂದದ್ದು, ಬ್ಯಾಂಕಿನಲ್ಲಿ ಸಿಗುವಂಥದ್ದಲ್ಲ. ದಲಿತ ಮಹಿಳೆ ಅಡುಗೆ ಮಾಡುತ್ತಾಳೆಂಬ ಕಾರಣಕ್ಕೆ ಮಕ್ಕಳನ್ನು ಬಿಸಿಯೂಟದಿಂದ ದೂರವಿಟ್ಟ ಪ್ರಕರಣಗಳು ಕರ್ನಾಟಕದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಅದೇ ಮಹಿಳೆ ಸಹಾಯಧನ ಪಡೆದು ಉಪ್ಪಿನಕಾಯಿ ಘಟಕ ತೆರೆದರೆ ಅವಳ ಊರಿನಲ್ಲಿ ಕೊಳ್ಳುವವರು ಯಾರು? ಸ್ಪರ್ಧಾತ್ಮಕತೆಯ ಬಗ್ಗೆ ಬರೆಯುವ ಯಾವ ವರದಿಯೂ ಈ ಪ್ರಶ್ನೆಯನ್ನು ಎತ್ತುವುದಿಲ್ಲ.

ಇಲ್ಲಿಯೇ ಸಾರ್ವಜನಿಕ ಮಾನದಂಡ ಸಾಮಾಜಿಕ ನ್ಯಾಯದ ಉಪಕರಣವಾಗುವುದು. ಮಡಿ ಹುಟ್ಟನ್ನು ನೋಡುತ್ತದೆ. ನೈರ್ಮಲ್ಯ ಕೆಲಸವನ್ನು ನೋಡುತ್ತದೆ. ಕೈ ತೊಳೆದಿದ್ದೀರಾ, ಎಷ್ಟು ಉಷ್ಣತೆಯಲ್ಲಿ ಎಷ್ಟು ಹೊತ್ತು ಬೇಯಿಸಿದ್ದೀರಿ, ಉಪ್ಪು ಎಷ್ಟು, ಹುಳಿ ಎಷ್ಟು ಎಂದು ಕೇಳುವ ಹಾಳೆಯಲ್ಲಿ ಜಾತಿಯ ಕಾಲಂ ಇಲ್ಲ. ಯಾರು ಬೇಕಾದರೂ ಕಲಿತು, ಪಾಲಿಸಿ, ಗಳಿಸಿಕೊಳ್ಳಬಹುದಾದ ಶುಚಿತ್ವ ಅದು. ಒಂದು ಸಾರ್ವಜನಿಕ ಮುದ್ರೆ ಶತಮಾನಗಳ ಪೂರ್ವಗ್ರಹವನ್ನು ಅಳಿಸಿಬಿಡುತ್ತದೆ ಎಂದು ನಂಬುವಷ್ಟು ಭೋಳೆತನ ಬೇಡ. ಆದರೆ ಪೂರ್ವಗ್ರಹಕ್ಕೆ ‘ಶುಚಿ’ ಎಂಬ ನೆಪ ಇಲ್ಲದಂತೆ ಮಾಡುವ ಶಕ್ತಿ ಅದಕ್ಕಿದೆ.

ಇದು ಕನಸಿನ ಮಾತಲ್ಲ ಎಂಬುದಕ್ಕೆ ನಂದಿನಿ ಹಾಲು ನಮ್ಮ ಕಣ್ಣ ಮುಂದಿದೆ. 1974ರಲ್ಲಿ ಬೇರುಬಿಟ್ಟ ಹೈನು ಸಹಕಾರ ವ್ಯವಸ್ಥೆಯಲ್ಲಿ ಎರಡು ಹಸುವಿನ ಒಡತಿಯ ಹಾಲೂ ಇಪ್ಪತ್ತು ಹಸುವಿನವನ ಹಾಲೂ ಒಂದೇ ಡೇರಿಯಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಜಿಡ್ಡಿನ ಅಂಶ ನೋಡಿ ದರ ನಿಗದಿಯಾಗುತ್ತದೆ. ಒಂದೇ ಕ್ಯಾನಿಗೆ ಬೀಳುತ್ತದೆ, ಒಂದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಹಳ್ಳಿಯ ಡೇರಿಗಳು ಜಾತಿಯಿಂದ ಪೂರ್ತಿ ಮುಕ್ತವಾಗಿವೆ ಎಂದಲ್ಲ. ಆದರೆ ನಗರದ ಮನೆಯಲ್ಲಿ ಹಾಲಿನ ಪೊಟ್ಟಣ ಕತ್ತರಿಸುವವರು ಇದು ಯಾರ ಕೊಟ್ಟಿಗೆಯದು ಎಂದು ಕೇಳುವುದಿಲ್ಲ. 2013ರಲ್ಲಿ ಕ್ಷೀರಭಾಗ್ಯ ಯೋಜನೆಯಡಿ ಸರ್ಕಾರವೇ ಶಾಲಾ ಮಕ್ಕಳಿಗೆ ಹಾಲು ಕೊಂಡಾಗ ಈ ವ್ಯವಸ್ಥೆಗೆ ಸ್ಥಿರವಾದ ಗಿರಾಕಿಯೂ ಸಿಕ್ಕಿತು. ಪರೀಕ್ಷೆ, ಹೆಸರು, ಖರೀದಿ ಮೂರನ್ನೂ ಸಾರ್ವಜನಿಕವಾಗಿಸಿದರೆ ಸಣ್ಣವರು ದೊಡ್ಡವರಿಗೆ ಸಮನಾಗಿ ನಿಲ್ಲುತ್ತಾರೆಂಬುದನ್ನು ಕರ್ನಾಟಕ ಹಾಲಿನಲ್ಲಿ ತೋರಿಸಿದೆ. ಬೆಲ್ಲಕ್ಕೆ, ರೊಟ್ಟಿಗೆ, ಹಿಂಡಿಗೆ, ಎಣ್ಣೆಗೆ ಅದನ್ನು ಏಕೆ ವಿಸ್ತರಿಸಬಾರದು? ಸ್ವಸಹಾಯ ಗುಂಪುಗಳ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ತಂದ ಅಲ್ಲಿನ ಜಿಲ್ಲಾಡಳಿತದ ಪ್ರಯತ್ನ ಈ ದಿಕ್ಕಿನ ಒಂದು ಒಳ್ಳೆಯ ಹೆಜ್ಜೆ.

ಹಾಗಾದರೆ ಕೇಳಬೇಕಾದದ್ದೇನು? ಒಂದು, ತಾಲ್ಲೂಕಿಗೊಂದು ಸಾರ್ವಜನಿಕ ಪರೀಕ್ಷಾಲಯ ಮತ್ತು ಪರವಾನಗಿಗೆ ಅರ್ಹವಾದ ಕೆಲಸದ ಕೋಣೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿ, ದರ ಗೋಡೆಯ ಮೇಲೆ. ಎರಡು, ಕಸುಬಿಗೊಂದು ಕನ್ನಡ ಕೈಪಿಡಿ; ಮೈಸೂರಿನ ವಿಜ್ಞಾನಿಗಳೂ ಆಯಾ ಕಸುಬಿನ ಹೆಣ್ಣುಮಕ್ಕಳೂ ಕೂತು ಬರೆದದ್ದು, ಓದು ಬಾರದವರಿಗೆ ಚಿತ್ರಗಳೊಂದಿಗೆ. ಮೂರು, ಸಾರ್ವಜನಿಕ ಹಣದಲ್ಲಿ ರೂಪುಗೊಂಡ ತಂತ್ರಜ್ಞಾನ ಸ್ವಸಹಾಯ ಗುಂಪುಗಳಿಗೂ ಸಹಕಾರಿಗಳಿಗೂ ಶುಲ್ಕವಿಲ್ಲದೆ ಸಿಗಬೇಕು. ನಾಲ್ಕು, ವಿದ್ಯಾರ್ಥಿ ನಿಲಯ, ಅಂಗನವಾಡಿ, ಆಸ್ಪತ್ರೆಗಳ ಖರೀದಿಯಲ್ಲಿ ಒಂದು ಪಾಲು ಇವರಿಗೆ ಮೀಸಲಾಗಬೇಕು. ಅದರೊಳಗೆ ದಲಿತ, ಆದಿವಾಸಿ ಮಹಿಳೆಯರ ಘಟಕಗಳಿಗೆ ಖಚಿತವಾದ ಪಾಲಿರಬೇಕು. ಐದು, ಮನೆಯೊಳಗಿನ ದುಡಿಮೆಗೆ ಕನಿಷ್ಠ ಕೂಲಿಯ ಲೆಕ್ಕ ಹಿಡಿದೇ ಬೆಲೆ ನಿಗದಿಯಾಗಬೇಕು. ಸರ್ಕಾರ ಹೀಗೆ ಕೈಹಿಡಿದರೆ ಉದ್ಯಮಿಗಳು ಸೋಮಾರಿಗಳಾಗುತ್ತಾರೆ ಎನ್ನುವವರು ದೊಡ್ಡ ಕಂಪನಿಗಳಿಗೆ ಸಿಗುವ ರಿಯಾಯಿತಿ ದರದ ಭೂಮಿ, ನೀರು, ತೆರಿಗೆ ವಿನಾಯಿತಿಗಳ ಬಗ್ಗೆಯೂ ಅದೇ ಮಾತು ಹೇಳಲಿ, ಆಮೇಲೆ ಚರ್ಚಿಸೋಣ.

ಹೊರನಾಡಿನ ಕನ್ನಡಿಗರಾದ ನಮಗೂ ಇದರಲ್ಲಿ ಕೆಲಸವಿದೆ. ನಮ್ಮ ಸಂಘಗಳು ಯುಗಾದಿ, ರಾಜ್ಯೋತ್ಸವಗಳಿಗೆ ಹೋಳಿಗೆ, ಚಟ್ನಿಪುಡಿ ತರಿಸುತ್ತವೆ. ‘ಅಮ್ಮನ ಕೈರುಚಿ’ಯ ಹಂಬಲದಲ್ಲಿ ಆ ಕೈ ಯಾರದು, ಅದಕ್ಕೆ ಸಂದ ಕೂಲಿ ಎಷ್ಟು ಎಂದು ಕೇಳುವುದು ಅಪರೂಪ. ತ್ಸುಕುಬಾದಂತಹ ಊರುಗಳಲ್ಲಿ ಆಹಾರ ವಿಜ್ಞಾನ, ಸೂಕ್ಷ್ಮಜೀವಿ ವಿಜ್ಞಾನ, ಪ್ಯಾಕಿಂಗ್ ತಂತ್ರಗಳನ್ನು ಬಲ್ಲ ಕನ್ನಡಿಗರಿದ್ದಾರೆ. ಆಮದಿನ ನಿಯಮಗಳನ್ನು ಕನ್ನಡದಲ್ಲಿ ಬಿಡಿಸಿ ಬರೆಯುವುದು, ಒಂದು ಕಸುಬಿನ ಕೈಪಿಡಿಯನ್ನು ಜಪಾನಿಯಿಂದ ಕನ್ನಡಕ್ಕೆ ತಂದು ಕೊಡುವುದು, ಸಂಘದ ವರ್ಷದ ಖರೀದಿಯನ್ನು ಒಂದು ಸ್ವಸಹಾಯ ಗುಂಪಿನಿಂದಲೇ ಮಾಡುವುದು ಇವು ನಮ್ಮ ಅಳತೆಗೆ ಮೀರಿದ ಕೆಲಸಗಳಲ್ಲ. ಮುಂದಿನ ರಾಜ್ಯೋತ್ಸವದ ಊಟದ ಪಟ್ಟಿ ಬರೆಯುವಾಗ ಇದನ್ನೂ ಚರ್ಚೆಗೆ ತೆಗೆದುಕೊಳ್ಳೋಣ.